ಆಸ್ಪತ್ರೆಯ ಎರಡು ಬಾಗಿಲುಗಳು

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಗೃಹಸ್ಥನಾದವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಕಾಯಿಲೆ ಗುಣವಾದೀತೆ, ಅದಕ್ಕೆ ತಗಲುವ ವೆಚ್ಚವೆಷ್ಟು. ಇವೆರಡನ್ನೂ ಅವನು ಬಾಯಿಬಿಟ್ಟು ಕೇಳುತ್ತಾನೆ. ಮೂರನೆಯದೊಂದುಂಟು, ಅದನ್ನು ಮನೆಯವರು ತಮ್ಮತಮ್ಮಲ್ಲಿಯೂ ಆಡಿಕೊಳ್ಳುವುದಿಲ್ಲ. ಯಾವ ಬಾಗಿಲಿಗೆ ಹೋದರೆ ನಮ್ಮ ಮಾನ ಉಳಿದೀತು ಎಂಬುದೇ ಆ ಪ್ರಶ್ನೆ. ಹಿಂದಿನವರು ‘ಧರ್ಮಾಸ್ಪತ್ರೆ’ ಎಂಬ ಮಾತನ್ನು ಎಷ್ಟು ಸಣ್ಣ ದನಿಯಲ್ಲಿ ಆಡುತ್ತಿದ್ದರೆಂಬುದು ನಮ್ಮ ಹಿರಿಯ ವಾಚಕರ ನೆನಪಿನಲ್ಲಿದ್ದರೂ ಇರಬಹುದು.

ಈ ತಿಂಗಳು ನಾವು ಈ ಮೂರನೆಯ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಬ್ರಿಟನ್ ದೇಶದಲ್ಲಿ ಎರಡು ಮಹಾಯುದ್ಧಗಳ ನಡುವೆ, ಎಂದರೆ 1918ರಿಂದ 1939ರವರೆಗೆ, ಊರೂರಿನ ಆಸ್ಪತ್ರೆಗಳು ಹೇಗಿದ್ದುವೆಂಬುದನ್ನು ನೋಡಬೇಕೆಂದಿದ್ದೇವೆ. ಆ ದೇಶದ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯ ಹೆಸರನ್ನು ಕೇಳದವರಿಲ್ಲ. 1948ರ ಜುಲೈ 5ರಂದು ಅದು ಆಕಾಶದಿಂದ ಇಳಿದು ಬಂದಿತೆಂಬಂತೆ ಅನೇಕರು ಬರೆಯುತ್ತಾರೆ. ನಾವು ತಿಳಿದಮಟ್ಟಿಗೆ ಅದು ಸರಿಯಲ್ಲ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷಗಳಲ್ಲಿ ಪುರಸಭೆಗಳ ಮತ್ತು ಜಿಲ್ಲಾ ಕೌನ್ಸಿಲುಗಳ ಸಮಿತಿಕೋಣೆಗಳಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಬಹಳಷ್ಟು ಕೆಲಸ ನಡೆದಿದ್ದಿತು.

ಆಗ ಅಲ್ಲಿಯ ಬಡವನಿಗೆ ಆಸ್ಪತ್ರೆಯ ಬಾಗಿಲುಗಳು ಮುಖ್ಯವಾಗಿ ಎರಡು. ಮೊದಲನೆಯದು ದಾನಿಗಳ ಹಣದಿಂದ ನಡೆಯುವ ಧರ್ಮಸಂಸ್ಥೆಯ ಬಾಗಿಲು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ 1123ರಲ್ಲಿ ಸ್ಥಾಪಿತವಾದುದು. ಗೈ ಆಸ್ಪತ್ರೆಯನ್ನು ಕಟ್ಟಿಸಿದವನು ಪುಸ್ತಕವ್ಯಾಪಾರದಿಂದ ಹಣ ಗಳಿಸಿದ ತಾಮಸ್ ಗೈ ಎಂಬಾತ. ಇಂಥ ಸಂಸ್ಥೆಗಳಲ್ಲಿ ಹೆಸರಾಂತ ವೈದ್ಯರು ಸಂಬಳವಿಲ್ಲದೆ ರೋಗಿಗಳನ್ನು ನೋಡುತ್ತಿದ್ದರು. ಅಲ್ಲಿ ಪಡೆದ ಕೀರ್ತಿಯಿಂದ ಊರಿನ ಶ್ರೀಮಂತರ ಮನೆಗಳಲ್ಲಿ ಅವರ ಸಂಪಾದನೆ ಬೆಳೆಯುತ್ತಿದ್ದಿತು. ಇದು ಒಳ್ಳೆಯ ಬಾಗಿಲು. ಆದರೆ ಎಲ್ಲರಿಗೂ ತೆರೆಯುವ ಬಾಗಿಲಲ್ಲ. ಬಹುಕಾಲ ಒಳಗೆ ಹೋಗಬೇಕಾದರೆ ಚಂದಾದಾರರಾದ ಮಹನೀಯರೊಬ್ಬರ ಶಿಫಾರಸು ಪತ್ರ ಬೇಕಾಗಿದ್ದಿತು. ಅಂಟುಜಾಡ್ಯದವರನ್ನು, ವಾಸಿಯಾಗದ ದೀರ್ಘರೋಗಿಗಳನ್ನು, ಮುಪ್ಪಿನಿಂದ ನೆಲಹಿಡಿದವರನ್ನು ಅಲ್ಲಿ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಗುಣವಾಗಿ ಎದ್ದುಹೋಗುವ ರೋಗಿಯೇ ದಾನಿಗಳಿಗೆ ಲೆಕ್ಕ ತೋರಿಸಲು ಅನುಕೂಲ. ಇದನ್ನು ನಾವು ಹೀಗಳೆಯುವುದಕ್ಕಾಗಿ ಹೇಳುತ್ತಿಲ್ಲ, ಧರ್ಮದ ಹಣಕ್ಕೆ ಇರುವ ಸ್ವಭಾವವೇ ಅಂಥದು.

ಹಾಗಾದರೆ ಉಳಿದವರು ಎಲ್ಲಿಗೆ ಹೋಗಬೇಕು? ಅವರಿಗೆ ಎರಡನೆಯ ಬಾಗಿಲು, ‘ವರ್ಕ್‌ಹೌಸ್’ ಎಂಬ ದುಡಿಮೆಮನೆಯದು. 1834ರ ಬಡವರ ಕಾಯಿದೆಯ ಪ್ರಕಾರ, ಗತಿಯಿಲ್ಲದವನಿಗೆ ಅನ್ನ ಕೊಡಬೇಕಾದರೆ ಅವನು ಈ ಮನೆಯೊಳಕ್ಕೆ ಬರತಕ್ಕದ್ದು. ಒಳಗಿನ ಜೀವನವು ಹೊರಗಿನ ಅತಿ ಬಡ ಕೂಲಿಯ ಜೀವನಕ್ಕಿಂತಲೂ ಕಷ್ಟವಾಗಿರತಕ್ಕದ್ದು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಮೈಮೇಲೆ ಮನೆಯ ಉಡುಪು. ಸೋಮಾರಿಗಳನ್ನು ಹೆದರಿಸುವುದಕ್ಕೆಂದು ಕಟ್ಟಿದ ಈ ಮನೆಗಳಲ್ಲಿ ಕಾಲಕ್ರಮದಲ್ಲಿ ತುಂಬಿಕೊಂಡವರು ಸೋಮಾರಿಗಳಲ್ಲ. ರೋಗಿಗಳು, ಮುದುಕರು, ಗಂಡನಿಲ್ಲದ ಬಸುರಿಯರು. ರೋಗಿಗಳ ಶುಶ್ರೂಷೆಯನ್ನು ಅಲ್ಲಿಯೇ ಇದ್ದ ಇತರ ಹೆಂಗಸರು ಮಾಡುತ್ತಿದ್ದರು. ಲಿವರ್‌ಪೂಲಿನ ಬ್ರೌನ್‌ಲೋ ಹಿಲ್ ದುಡಿಮೆಮನೆಗೆ 1865ರಲ್ಲಿ ಆಗ್ನೆಸ್ ಜೋನ್ಸ್ ಎಂಬ ಮಹಿಳೆ ಶಿಕ್ಷಣ ಪಡೆದ ದಾದಿಯರನ್ನು ಕರೆದುಕೊಂಡು ಬಂದರು. ಮೂರು ವರ್ಷಗಳೊಳಗೆ, 1868ರಲ್ಲಿ, ಅಲ್ಲಿಯ ಟೈಫಸ್ ಜ್ವರವೇ ಅಂಟಿ ತೀರಿಕೊಂಡರು. ಆಮೇಲೆ ಎಷ್ಟೋ ಊರುಗಳಲ್ಲಿ ದುಡಿಮೆಮನೆಯ ಪಕ್ಕದಲ್ಲಿ ರೋಗಿಗಳಿಗೆಂದೇ ಬೇರೆ ಕಟ್ಟಡಗಳು ಎದ್ದುವು. ಅವುಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ನಿಜವಾಗಿಯೂ ಚೆನ್ನಾದ ಆಸ್ಪತ್ರೆಗಳೇ ಆಗಿದ್ದುವು.

ಆದರೂ ಹೆಸರು ಹೋಗಲಿಲ್ಲ. ಅಲ್ಲಿ ಹಾಸಿಗೆ ಬೇಕಾದವನು ಬಡವರ ಕಾಯಿದೆಯ ಪರಿಹಾರಾಧಿಕಾರಿಯ ಮುಂದೆ ನಿಂತು ಅಪ್ಪಣೆಚೀಟಿ ಪಡೆಯಬೇಕು. 1885ರವರೆಗೆ ಹಾಗೆ ಔಷಧೋಪಚಾರ ಪಡೆದವನ ಮತದಾನದ ಹಕ್ಕೇ ಹೋಗುತ್ತಿದ್ದಿತು. ಇತರ ಪರಿಹಾರ ಪಡೆದವರಿಗೆ ಆ ಹಕ್ಕು ಬಂದದ್ದು 1918ರಲ್ಲಿ. ಇದಕ್ಕಿಂತಲೂ ನಮ್ಮ ಮನಸ್ಸನ್ನು ನಾಟಿದ ಸಂಗತಿ ಇನ್ನೊಂದಿದೆ. ದುಡಿಮೆಮನೆಯಲ್ಲಿ ಹೆತ್ತ ತಾಯಂದಿರ ಮಕ್ಕಳ ಜನನಪತ್ರದಲ್ಲಿ ಆ ಮನೆಯ ಹೆಸರು ಇರುತ್ತಿದ್ದಿತು. ಆ ಕಾಗದ ಅವರನ್ನು ಶಾಲೆಗೆ, ಕೆಲಸಕ್ಕೆ, ಮದುವೆಗೆ ಹಿಂಬಾಲಿಸುತ್ತಿದ್ದಿತು. ಆದುದರಿಂದ 1904ರಿಂದ ಮುಂದಕ್ಕೆ ದುಡಿಮೆಮನೆಯ ಹೆಸರನ್ನು ಬಿಟ್ಟು ಬರಿಯ ಬೀದಿಯ ಹೆಸರನ್ನೂ ಮನೆಯ ನಂಬರನ್ನೂ ಬರೆಯಬೇಕೆಂದು ಇಂಗ್ಲೆಂಡಿನ ಜನನ ದಾಖಲೆಯ ಮುಖ್ಯಾಧಿಕಾರಿಗಳು ಏರ್ಪಡಿಸಿದರು. ಕಾಯಿದೆಯನ್ನು ಮಾಡಿದ ಸರ್ಕಾರವೇ ಕಾಯಿದೆಯ ಹೆಸರನ್ನು ಕೂಸಿನಿಂದ ಮರೆಸಬೇಕಾಗಿ ಬಂದಿತು. ಆಗ ಅದರ ಭಾರವೆಷ್ಟಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಇನ್ನು ಹಣದ ಮಾತು. 1911ರ ವಿಮೆಯ ಕಾಯಿದೆಯಿಂದ ಕೂಲಿಗಾರನು ವಾರಕ್ಕೆ ನಾಲ್ಕು ಪೆನ್ನಿ, ಮಾಲೀಕನು ಮೂರು, ಸರ್ಕಾರ ಎರಡು ಪೆನ್ನಿ ಹಾಕಿ ವೈದ್ಯನ ಸೇವೆಯನ್ನು ಒದಗಿಸಿದ್ದರು. ಆದರೆ ಅದು ದುಡಿಯುವವನಿಗೆ ಮಾತ್ರ. ಹೆಂಡತಿ ಮಕ್ಕಳಿಗೆ ವೈದ್ಯನನ್ನು ಕರೆದರೆ ಕೈಯಿಂದಲೇ ಕೊಡಬೇಕು. ಆಸ್ಪತ್ರೆಯ ಹಾಸಿಗೆಯ ವೆಚ್ಚವಂತೂ ದುಡಿಯುವವನಿಗೂ ಅದರಲ್ಲಿ ಸೇರಿರಲಿಲ್ಲ. ಇದರ ಫಲವನ್ನು ಅನುಭವಿಸಿದವಳು ಮನೆಯ ತಾಯಿ. ಗಂಡನ ಕೆಮ್ಮಿಗೆ ವೈದ್ಯನಿದ್ದಾನೆ, ಮಗುವಿನ ಜ್ವರಕ್ಕೆ ಹೇಗಾದರೂ ಹಣ ಹೊಂದಿಸಬೇಕು. ತನ್ನ ನೋವನ್ನು ಮಾತ್ರ ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡುವುದು. ಈ ಪದ್ಧತಿ ಆ ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂದು ನಮ್ಮ ಗೃಹಿಣಿಯರು ಬಲ್ಲರು.

ಮೊದಲ ಮಹಾಯುದ್ಧದ ತರುವಾಯ ಬೆಲೆಗಳು ಏರಿ, ದಾನಿಗಳ ಹಣ ಸಾಲದೆ, ಧರ್ಮಸಂಸ್ಥೆಗಳ ಆಸ್ಪತ್ರೆಗಳೂ ಕಷ್ಟಕ್ಕೆ ಸಿಕ್ಕಿಕೊಂಡುವು. ಬೀದಿಯಲ್ಲಿ ಕಾಗದದ ಬಾವುಟ ಮಾರಿ ಹಣ ಕೂಡಿಸಿದರು. ಸಂತೆ, ಮೆರವಣಿಗೆಗಳನ್ನು ನಡೆಸಿದರು. ಕೊನೆಗೆ ಅವುಗಳನ್ನು ಕಾಪಾಡಿದ್ದು ಕೂಲಿಗಾರರ ಪೆನ್ನಿಯೇ. ಲಂಡನ್ನಿನಲ್ಲಿ 1922ರಲ್ಲಿ ಹುಟ್ಟಿದ ಆಸ್ಪತ್ರೆ ಉಳಿತಾಯ ಸಂಘಕ್ಕೆ ವಾರಕ್ಕೆ ಮೂರು ಪೆನ್ನಿ ಕಟ್ಟಿದರೆ, ಆಸ್ಪತ್ರೆ ಸೇರಿದಾಗ ಹಣದ ವಿಚಾರಣೆಯಿಲ್ಲ. ಷೆಫೀಲ್ಡ್ ಪಟ್ಟಣದಲ್ಲಿ ಸಂಬಳದ ಪ್ರತಿ ಪೌಂಡಿಗೂ ಒಂದು ಪೆನ್ನಿಯಂತೆ ಹಿಡಿಯುತ್ತಿದ್ದರು. ಆಗ ಪೌಂಡಿಗೆ 240 ಪೆನ್ನಿಗಳು. ದಾನಿಯ ಶಿಫಾರಸು ಪತ್ರ ಹಿಡಿದು ನಿಲ್ಲುತ್ತಿದ್ದವನು ಈಗ ತನ್ನ ಚಂದಾಚೀಟಿಯನ್ನು ತೋರಿಸಿ ಒಳಗೆ ನಡೆದನು. ಇದೇನೂ ಸಣ್ಣ ಬದಲಾವಣೆಯಲ್ಲ. ಆದರೆ ಕೆಲಸವೇ ಇಲ್ಲದವನ ಮೂರು ಪೆನ್ನಿ ಎಲ್ಲಿಂದ ಬರಬೇಕು?

ಈ ಎರಡು ಬಾಗಿಲುಗಳಲ್ಲದೆ ಪುರಸಭೆಗಳು ತೆರೆದ ಚಿಕ್ಕ ಬಾಗಿಲುಗಳು ಕೆಲವು ಇದ್ದುವು. ಗುಪ್ತರೋಗಗಳಿಗೆ 1916ರಿಂದ ಉಚಿತವಾದ, ಗುಟ್ಟನ್ನು ಕಾಪಾಡುವ ಚಿಕಿತ್ಸೆ. ತಾಯಿಮಕ್ಕಳ ಪೋಷಣೆಗೆ 1918ರ ಕಾಯಿದೆ. ಕ್ಷಯರೋಗಿಗಳಿಗೆ 1921ರ ಕಾಯಿದೆ. ಎಲ್ಲಕ್ಕಿಂತ ಹಳೆಯದು ಜ್ವರದ ಆಸ್ಪತ್ರೆ. ಸ್ಕಾರ್ಲೆಟ್ ಜ್ವರವೋ ಗಂಟಲಮಾರಿಯೋ ಬಂದ ಮಗುವನ್ನು ಊರ ಹೊರಗಿನ ಆ ಆಸ್ಪತ್ರೆಗೆ ಗಾಡಿಯಲ್ಲಿ ಸಾಗಿಸುತ್ತಿದ್ದರು. ಅಲ್ಲಿ ಅದು ಅನೇಕ ವಾರಗಳವರೆಗೆ ಇರಬೇಕಾಗುತ್ತಿದ್ದಿತು. ತಾಯಿತಂದೆಗಳಿಗೆ ಒಳಗೆ ಪ್ರವೇಶವಿಲ್ಲ; ಅವಕಾಶವಿದ್ದರೆ ಹೊರಗೆ ನಿಂತು ಕಿಟಕಿಯ ಗಾಜಿನಾಚೆ ಮಗುವಿನ ಮುಖವನ್ನು ನೋಡಬೇಕು. ಕೆಲವು ಊರುಗಳಲ್ಲಿ ಪ್ರತಿಯೊಂದು ಮಗುವಿಗೂ ಒಂದು ನಂಬರನ್ನು ಕೊಟ್ಟು, ಆ ದಿನ ಯಾವ ನಂಬರಿನವರ ಸ್ಥಿತಿ ಹೇಗಿದೆಯೆಂಬುದನ್ನು ಸಂಜೆಯ ಪತ್ರಿಕೆಯಲ್ಲಿ ಅಚ್ಚುಹಾಕಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಪತ್ರಿಕೆ ಬಂದೊಡನೆ ಬೇರೆ ಯಾವ ಸುದ್ದಿಯನ್ನೂ ನೋಡದೆ ಆ ನಂಬರುಗಳ ಸಾಲಿನ ಮೇಲೆ ಬೆರಳಿಟ್ಟು ಹುಡುಕುವ ತಾಯಿಯ ಚಿತ್ರ ನಮ್ಮ ಕಣ್ಣ ಮುಂದಿನಿಂದ ಸರಿಯುವುದಿಲ್ಲ.

ವಿಚಿತ್ರವೇನೆಂದರೆ, ಇಷ್ಟೊಂದು ಕಠಿಣವಾಗಿದ್ದ ಈ ಆಸ್ಪತ್ರೆಗೆ ಮಾನದ ಕಳಂಕ ಅಷ್ಟಾಗಿ ಅಂಟಲಿಲ್ಲ. ಲಂಡನ್ನಿನ ಜ್ವರದ ಆಸ್ಪತ್ರೆಗಳು ಬಡವರ ಕಾಯಿದೆಯ ಹಣದಿಂದಲೇ ಹುಟ್ಟಿದವು. ಆದರೂ 1891ರಲ್ಲಿ ಅವುಗಳನ್ನು ಎಲ್ಲ ನಾಗರಿಕರಿಗೂ ಉಚಿತವಾಗಿ ತೆರೆದುಬಿಟ್ಟರು. ಕಾರಣ ಸ್ಪಷ್ಟ. ಬಡವನ ಮಗುವಿನ ಗಂಟಲಮಾರಿ ಸಾಹುಕಾರನ ಮಗುವಿಗೂ ಅಂಟೀತೆಂಬ ಭಯ. ಮುದುಕಿಯ ಮುರಿದ ಸೊಂಟ ಯಾರಿಗೂ ಅಂಟುವುದಿಲ್ಲವಾದುದರಿಂದ ಆಕೆಯ ಪಾಲಿಗೆ ಹಳೆಯ ಬಾಗಿಲೇ ಉಳಿಯಿತು.

ಆ ಹಳೆಯ ಬಾಗಿಲನ್ನು ಮುಚ್ಚುವ ಪ್ರಯತ್ನ ನಡೆದದ್ದು 1929ರಲ್ಲಿ. ಆಗ ಆರೋಗ್ಯಮಂತ್ರಿಗಳಾಗಿದ್ದವರು ನೆವಿಲ್ ಚೇಂಬರ್ಲಿನ್. ಮುಂದೆ ಮ್ಯೂನಿಕ್ ಒಪ್ಪಂದದಿಂದ ಹೆಸರು ಕೆಡಿಸಿಕೊಂಡವರು ಇವರೇ. ಬರ್ಮಿಂಗ್‌ಹ್ಯಾಮಿನ ಮೇಯರಾಗಿದ್ದು ಪೌರಾಡಳಿತವನ್ನು ಒಳಗಿನಿಂದ ಬಲ್ಲ ಈ ಮನುಷ್ಯನ ಆ ಕೆಲಸವನ್ನು ಜನ ಮರೆತಿರುವುದು ನಮಗೆ ಅನ್ಯಾಯವಾಗಿ ತೋರುತ್ತದೆ. ಅವರು ತಂದ ಸ್ಥಳಿಕ ಸರ್ಕಾರದ ಕಾಯಿದೆಯ ಪ್ರಕಾರ 1930ರ ಏಪ್ರಿಲ್ 1ರಂದು ಬಡವರ ಪೋಷಕ ಮಂಡಲಿಗಳು ಇಲ್ಲವಾದುವು. ಅವುಗಳ ಆಸ್ಪತ್ರೆಗಳೆಲ್ಲವೂ ಕೌಂಟಿ ಕೌನ್ಸಿಲುಗಳ ಮತ್ತು ದೊಡ್ಡ ಪಟ್ಟಣಗಳ ಕೌನ್ಸಿಲುಗಳ ವಶಕ್ಕೆ ಬಂದುವು. ಕೌನ್ಸಿಲಿಗೆ ಮನಸ್ಸಿದ್ದರೆ ಒಂದು ಆಸ್ಪತ್ರೆಯನ್ನು ಬಡವರ ಕಾಯಿದೆಯಿಂದ ಪೂರ್ತಿಯಾಗಿ ಬಿಡಿಸಿ, ಊರಿನ ಆರೋಗ್ಯಾಧಿಕಾರಿಯ ಕೈಗೆ ಕೊಟ್ಟು, ಎಲ್ಲ ನಿವಾಸಿಗಳ ಆಸ್ಪತ್ರೆಯನ್ನಾಗಿ ಮಾಡಬಹುದು. ಮನಸ್ಸಿಲ್ಲದಿದ್ದರೆ ಅದನ್ನು ಸಾರ್ವಜನಿಕ ಸಹಾಯ ಸಮಿತಿಯೆಂಬ ಹೊಸ ಹೆಸರಿನ ಕೆಳಗೆ ಹಳೆಯ ರೀತಿಯಲ್ಲಿಯೇ ನಡೆಸಬಹುದು. ‘ಮಾಡಬಹುದು’ ಎಂಬ ಈ ಒಂದು ಪದದಲ್ಲಿ ಮುಂದಿನ ಹತ್ತು ವರ್ಷಗಳ ಕಥೆಯೆಲ್ಲ ಅಡಗಿದೆ.

ಲಂಡನ್ ಕೌಂಟಿ ಕೌನ್ಸಿಲು ಮನಸ್ಸು ಮಾಡಿತು. ಸರ್ ಫ್ರೆಡರಿಕ್ ಮೆನ್ಜೀಸ್ ಎಂಬ ಆರೋಗ್ಯಾಧಿಕಾರಿಯ ಕೈಕೆಳಗೆ ಹತ್ತಾರು ಆಸ್ಪತ್ರೆಗಳನ್ನು ಒಂದೇ ಆಡಳಿತಕ್ಕೆ ತಂದಿತು. 1934ರಲ್ಲಿ ಹರ್ಬರ್ಟ್ ಮಾರಿಸನ್ನರ ಮುಂದಾಳುತನದಲ್ಲಿ ಕಾರ್ಮಿಕ ಪಕ್ಷ ಅಲ್ಲಿ ಅಧಿಕಾರಕ್ಕೆ ಬಂದ ಮೇಲೆ ಕೆಲಸ ಇನ್ನಷ್ಟು ಮುಂದುವರಿಯಿತು. ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಉದಾಹರಣೆ ನೋಡಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ದುಡಿಮೆಮನೆಯೂ ಅದರ ರೋಗಿಗಳ ಮನೆಯೂ ಆಗಿ ಹುಟ್ಟಿದ್ದು. 1935ರಲ್ಲಿ ಅಲ್ಲಿಯೇ ವೈದ್ಯರಿಗೆ ಉನ್ನತ ಶಿಕ್ಷಣ ಕೊಡುವ ಬ್ರಿಟಿಷ್ ಸ್ನಾತಕೋತ್ತರ ವೈದ್ಯಶಾಲೆಯನ್ನು ಐದನೆಯ ಜಾರ್ಜ್ ದೊರೆ ಪ್ರಾರಂಭಿಸಿದರು. ಯಾವ ಗೇಟಿನೊಳಗೆ ಹೋಗಲು ಬಡವನು ನಾಚುತ್ತಿದ್ದನೋ ಅದೇ ಗೇಟಿನೊಳಗೆ ನಾನಾ ದೇಶಗಳ ವೈದ್ಯರು ಕಲಿಯುವುದಕ್ಕೆಂದು ಸಾಲುಗಟ್ಟಿ ಬಂದರು.

ನಮ್ಮ ದೇಶದವರೊಬ್ಬರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ಚುನಿಲಾಲ್ ಕತಿಯಾಲರು ಫಿನ್ಸ್‌ಬರಿ ಎಂಬ ಬಡ ಭಾಗದ ಪೌರಸಭೆಗೆ ಆಯ್ಕೆಯಾಗಿ, ಅದರ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಆಸ್ಪತ್ರೆ ನಡೆಸುವ ಅಧಿಕಾರ ಆ ಚಿಕ್ಕ ಸಭೆಗೆ ಇರಲಿಲ್ಲ. ಆದರೆ ಕ್ಷಯದ ತಪಾಸಣೆ, ಹೆಂಗಸರ ಚಿಕಿತ್ಸೆ, ಬಟ್ಟೆಬರೆಗಳ ಶುದ್ಧೀಕರಣ ಮುಂತಾದುವೆಲ್ಲ ಒಂದೇ ಸೂರಿನ ಕೆಳಗೆ ದೊರೆಯುವ, ಬೆಳಕು ತುಂಬಿದ ಆರೋಗ್ಯಮಂದಿರವೊಂದು 1938ರಲ್ಲಿ ಅಲ್ಲಿ ತೆರೆಯಿತು. ಅದೇ ವರ್ಷ ಕತಿಯಾಲರು ಅಲ್ಲಿಯ ಮೇಯರಾದರು. 1931ರಲ್ಲಿ ಗಾಂಧೀಜಿಯವರೂ ಚಾರ್ಲಿ ಚಾಪ್ಲಿನ್ನರೂ ಭೇಟಿಯಾದದ್ದು ಇವರ ಮನೆಯಲ್ಲಿಯೇ.

ಆದರೆ ಎಲ್ಲ ಕೌನ್ಸಿಲುಗಳೂ ಲಂಡನ್ನಿನಂತಿರಲಿಲ್ಲ. ಆಸ್ಪತ್ರೆಯ ಹಣ ಬರಬೇಕಾದದ್ದು ಮುಖ್ಯವಾಗಿ ಊರಿನ ಮನೆಗಂದಾಯದಿಂದ. ಕಲ್ಲಿದ್ದಲು ಗಣಿಗಳು ಮುಚ್ಚಿ, ಹಡಗು ಕಟ್ಟುವ ಕೆಲಸ ನಿಂತು, ಊರಿಗೆ ಊರೇ ಕೈಕಟ್ಟಿ ಕುಳಿತಿದ್ದ ಕಡೆ ಕಂದಾಯ ಎಲ್ಲಿಂದ ಏಳಬೇಕು? ವೇಲ್ಸಿನ ಮರ್ಥರ್ ಟಿಡ್‌ಫಿಲ್ ಪಟ್ಟಣದ ಸ್ಥಿತಿ ಎಷ್ಟು ಕೆಟ್ಟಿದ್ದಿತೆಂದರೆ, ಆ ಊರು ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳಬಲ್ಲುದೇ ಎಂದು ವಿಚಾರಿಸಲು 1935ರಲ್ಲಿ ರಾಜಾಜ್ಞೆಯ ಆಯೋಗವೊಂದು ಕುಳಿತು, ಪಟ್ಟಣದ ಸ್ವತಂತ್ರ ಸ್ಥಾನವನ್ನು ತೆಗೆದುಬಿಡುವುದೇ ಮೇಲೆಂದು ಅಭಿಪ್ರಾಯಪಟ್ಟಿತು. ರೋಗ ಹೆಚ್ಚಿರುವಲ್ಲಿ ಹಾಸಿಗೆ ಕಡಮೆ, ಹಾಸಿಗೆ ಹೆಚ್ಚಿರುವಲ್ಲಿ ರೋಗ ಕಡಮೆ. ಇದಲ್ಲದೆ 1929ರ ಕಾಯಿದೆಯೇ, ಅಂಟುಜಾಡ್ಯಗಳನ್ನು ಬಿಟ್ಟರೆ, ಉಳಿದ ರೋಗಿಗಳಿಂದ ಅವರವರ ಶಕ್ತಿಗನುಸಾರ ವೆಚ್ಚವನ್ನು ವಸೂಲು ಮಾಡತಕ್ಕದ್ದೆಂದು ವಿಧಿಸಿದ್ದಿತು. ಆದುದರಿಂದ ಪರಿಹಾರಾಧಿಕಾರಿ ಹೋದರೂ ಗೃಹಕೃತ್ಯದ ಆದಾಯವೆಷ್ಟೆಂದು ಕೇಳುವವರು ಹೋಗಲಿಲ್ಲ.

ಬಾಣಂತಿಯರ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಈ ಕಾಲದಲ್ಲಿ ಶಿಶುಮರಣ ಇಳಿಯುತ್ತ ಬಂದರೂ ಹೆರಿಗೆಯಲ್ಲಿ ತಾಯಂದಿರ ಮರಣ ಇಳಿಯಲಿಲ್ಲ. ಸಾವಿರ ಹೆರಿಗೆಗಳಿಗೆ ನಾಲ್ಕಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಬಡವರಷ್ಟೇ ಅಲ್ಲ, ಅನುಕೂಲಸ್ಥರೂ ಬಾಣಂತಿ ಜ್ವರಕ್ಕೆ ತುತ್ತಾಗುತ್ತಿದ್ದರು. 1936ರಲ್ಲಿ ಸಂಬಳದ ಸೂಲಗಿತ್ತಿಯರನ್ನು ಎಲ್ಲ ಕಡೆಗೂ ಒದಗಿಸುವ ಕಾಯಿದೆ ಬಂದಿತು. ಹೆಚ್ಚುಕಡಮೆ ಅದೇ ಸಮಯದಲ್ಲಿ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರೂಕ್ ಎಂಬ ವೈದ್ಯರು ಪ್ರಾಂಟೊಸಿಲ್ ಎಂಬ ಹೊಸ ಔಷಧವನ್ನು ಈ ಜ್ವರಕ್ಕೆ ಕೊಟ್ಟು ನೋಡಿದರು; ಅಲ್ಲಿಂದ ಮುಂದೆ ಆ ಸಾವುಗಳು ಇಳಿಯತೊಡಗಿದುವು.

ಇನ್ನು ಆ ಮುರಿದ ಸೊಂಟದ ಮುದುಕಿಯ ಕಡೆಗೆ ಬರೋಣ. ಒಳ್ಳೆಯ ಆಸ್ಪತ್ರೆಗಳೆಂದು ಹೊಸ ಹೆಸರು ಪಡೆದ ಕಡೆಯಲ್ಲಿಯೂ ಹಿಂಭಾಗದಲ್ಲಿ ಒಂದು ವಾರ್ಡು ಇರುತ್ತಿದ್ದಿತು. ಲಂಡನ್ನಿನ ಪಶ್ಚಿಮಕ್ಕೆ ಐಸಲ್‌ವರ್ತಿನಲ್ಲಿ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯಿದೆ. ಮೊದಲು ಅದು ಬಡವರ ಕಾಯಿದೆಯದೇ. 1935ರಲ್ಲಿ ಪಕ್ಕದ ಹಳೆಯ ದುಡಿಮೆಮನೆಯಲ್ಲಿ ಬಿದ್ದುಕೊಂಡಿದ್ದ 714 ರೋಗಿಗಳನ್ನು ಆ ಆಸ್ಪತ್ರೆಗೆ ಸೇರಿಸಿ, ಅವರ ಜವಾಬ್ದಾರಿಯನ್ನು ಮಾರ್ಜರಿ ವಾರೆನ್ ಎಂಬ ವೈದ್ಯೆಯವರಿಗೆ ಒಪ್ಪಿಸಿದರು. ಯಾರಿಗೂ ಬೇಡವಾದ ಕೆಲಸ ಅದು. ಆ ವಾರ್ಡುಗಳಲ್ಲಿ ಪಾರ್ಶ್ವವಾಯು ಬಡಿದವರು, ಬುದ್ಧಿ ಮಂಕಾದವರು, ಬರಿಯ ಮುಪ್ಪಿನವರು, ಮನೆಯಿಲ್ಲದವರು ಎಲ್ಲರೂ ಒಟ್ಟಿಗೆ ಮಲಗಿದ್ದರು. ಎಷ್ಟೋ ಜನರಿಗೆ ಏನು ಕಾಯಿಲೆಯೆಂದು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಹಾಸಿಗೆಯಲ್ಲಿ ಶುಚಿಯಾಗಿ ಇಟ್ಟು ಹೊತ್ತಿಗೆ ಊಟ ಕೊಟ್ಟರೆ ಸಾಕೆಂಬುದು ಅಲ್ಲಿಯ ಧರ್ಮ.

ವಾರೆನ್ನರು ಮಾಡಿದ ಮೊದಲನೆಯ ಕೆಲಸವೆಂದರೆ ಒಬ್ಬೊಬ್ಬರನ್ನೂ ಹೊಸ ರೋಗಿಯೆಂಬಂತೆ ಪರೀಕ್ಷಿಸಿದ್ದು. ರೋಗಕ್ಕೆ ತಕ್ಕಂತೆ ಅವರನ್ನು ಬೇರೆಬೇರೆ ವಾರ್ಡುಗಳಿಗೆ ವಿಂಗಡಿಸಿದರು. ಗೋಡೆಗಳಿಗೆ ಒಳ್ಳೆಯ ಬಣ್ಣ ಹಚ್ಚಿಸಿ ದೀಪಗಳನ್ನು ಹೆಚ್ಚಿಸಿದರು. ಮಲಗಿದ್ದವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು, ಅನಂತರ ನಿಲ್ಲಿಸಿದರು, ನಡೆಯಲು ಕಲಿಸಿದರು. ಒಂದು ಪಕ್ಕ ಬಿದ್ದುಹೋಗಿದ್ದವರು ಎದ್ದು ತಮ್ಮ ಬಟ್ಟೆಯನ್ನು ತಾವೇ ಹಾಕಿಕೊಂಡರು. ಕೆಲವರು ಮನೆಗೇ ಹೊರಟುಹೋದರು. ಹಲವರು ವಿಪರೀತ ದುರ್ಬಲರಾಗಿದ್ದದ್ದು ರೋಗದಿಂದಲ್ಲ, ವರ್ಷಗಟ್ಟಲೆ ಮಲಗಿದ್ದುದರಿಂದಲೇ ಎಂಬುದು ಹೀಗೆ ಗೊತ್ತಾಯಿತು. ಈ ಅನುಭವವನ್ನು ಅವರು 1943ರಲ್ಲಿಯೂ 1946ರಲ್ಲಿಯೂ ವೈದ್ಯಪತ್ರಿಕೆಗಳಲ್ಲಿ ಬರೆದರು. ಮುದುಕರ ವೈದ್ಯವೆಂಬ ಶಾಸ್ತ್ರ ಬ್ರಿಟನ್ನಿನಲ್ಲಿ ಬೆಳೆದದ್ದು ಇಲ್ಲಿಂದ. ದಾನಿಗಳ ದೊಡ್ಡ ಆಸ್ಪತ್ರೆಯಲ್ಲಿ ಅದು ಹುಟ್ಟುವಂತಿರಲಿಲ್ಲ; ಅಲ್ಲಿ ಇಂಥ ರೋಗಿಗಳನ್ನು ಒಳಗೆ ಬಿಟ್ಟುಕೊಂಡರಲ್ಲವೇ ಕಲಿಯುವುದು! ನಮ್ಮ ಮನೆಗಳಲ್ಲಿಯೂ ಹಿರಿಯರು ಬಿದ್ದೊಡನೆ ‘ಇನ್ನು ಮಲಗಿರಲಿ ಬಿಡಿ’ ಎನ್ನುವ ಪ್ರೀತಿಯ ಮಾತೊಂದುಂಟು. ವೈದ್ಯರು ಏಳಬಹುದೆಂದ ಮೇಲೂ ಆ ಮಾತನ್ನಾಡುವವರು ಈ 714 ಜನರನ್ನು ಒಮ್ಮೆ ನೆನೆದುಕೊಳ್ಳಬಹುದು.

ಎರಡನೆಯ ಮಹಾಯುದ್ಧ ಬಂದಾಗ ಬಾಂಬಿನ ಗಾಯಾಳುಗಳಿಗಾಗಿ ಸರ್ಕಾರ ಎಲ್ಲ ಬಗೆಯ ಆಸ್ಪತ್ರೆಗಳನ್ನೂ ಒಂದು ಏರ್ಪಾಟಿಗೆ ತಂದಿತು. ದೊಡ್ಡ ಆಸ್ಪತ್ರೆಗಳ ತಜ್ಞರು ಕೌನ್ಸಿಲಿನ ಆಸ್ಪತ್ರೆಗಳಿಗೆ ಹೋಗಿ ಕೆಲಸ ಮಾಡಬೇಕಾಯಿತು. ಅಲ್ಲಿಯ ಕೆಲವು ಕಟ್ಟಡಗಳನ್ನು ನೋಡಿ ಅವರಲ್ಲಿ ಎಷ್ಟೋ ಜನ ಬೆರಗಾದರು. ಯುದ್ಧ ಮುಗಿದ ಮೇಲೆ ಮಂತ್ರಿಮಂಡಲದಲ್ಲಿಯೇ ಚರ್ಚೆ ಎದ್ದಿತು. ಲಂಡನ್ನಿನ ಆಸ್ಪತ್ರೆಗಳನ್ನು ಬೆಳೆಸಿದ ಮಾರಿಸನ್ನರು, ಆಸ್ಪತ್ರೆಗಳು ಊರಿನವರ ಕೈಯಲ್ಲಿಯೇ ಇರಬೇಕೆಂದರು. ಅದೇ ಪಕ್ಷದ ಆರೋಗ್ಯಮಂತ್ರಿ ಅನೈರಿನ್ ಬೆವನ್ನರು, ಬಡ ಊರಿಗೊಂದು ಶ್ರೀಮಂತ ಊರಿಗೊಂದು ಎಂಬ ಭೇದ ಹೋಗಬೇಕಾದರೆ ಎಲ್ಲವೂ ರಾಷ್ಟ್ರದ ವಶಕ್ಕೆ ಬರಲೇಬೇಕೆಂದರು. ಬೆವನ್ನರು ಗೆದ್ದರು. ನಮ್ಮ ಮನಸ್ಸು ಅವರ ಕಡೆಗೇ ವಾಲುತ್ತದೆ. ಆದರೆ ತಮ್ಮ ಊರಿನ ಆಸ್ಪತ್ರೆಯ ಲೆಕ್ಕವನ್ನು ತಾವೇ ಆರಿಸಿದ ಕೌನ್ಸಿಲರನಿಂದ ಕೇಳುವ ಹಕ್ಕನ್ನು ಜನ ಅಂದು ಕಳೆದುಕೊಂಡರೆಂಬ ಮಾರಿಸನ್ನರ ಪಕ್ಷದ ಮಾತೂ ಸುಳ್ಳಲ್ಲ.

1948ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೀಗೆ ರಾಷ್ಟ್ರದ ವಶಕ್ಕೆ ಬಂದ ಧರ್ಮಸಂಸ್ಥೆಗಳ ಆಸ್ಪತ್ರೆಗಳು 1,143, ಅವುಗಳಲ್ಲಿದ್ದ ಹಾಸಿಗೆಗಳು ಸುಮಾರು 90,000. ಕೌನ್ಸಿಲುಗಳ ಆಸ್ಪತ್ರೆಗಳು 1,545, ಹಾಸಿಗೆಗಳು ಸುಮಾರು 3,90,000. ಕೀರ್ತಿಯೆಲ್ಲ ಮೊದಲನೆಯ ಬಾಗಿಲಿಗೆ. ರೋಗಿಗಳ ದೊಡ್ಡ ಪಾಲು ಎರಡನೆಯ ಬಾಗಿಲಿಗೆ. ಆ ಬಾಗಿಲಿನ ಮೇಲಿದ್ದ ಹಲಗೆಯನ್ನು ಮತ್ತೊಮ್ಮೆ ಬದಲಾಯಿಸಿದರು. ಆದರೂ ಎಷ್ಟೋ ವರ್ಷಗಳವರೆಗೆ, ಊರಿನ ಹಳೆಯ ದುಡಿಮೆಮನೆಯಾಗಿದ್ದ ಆಸ್ಪತ್ರೆಗೆ ಸೇರಿಸುತ್ತೇವೆಂದರೆ ಮುದುಕಿಯರು ಸೊಸೆಯ ಕೈ ಹಿಡಿದು ‘ಅಲ್ಲಿಗೆ ಮಾತ್ರ ಬೇಡ’ ಎಂದು ಅಳುತ್ತಿದ್ದರು.

ರೋಗಿಯ ಮನೆಯ ಆದಾಯವನ್ನು ವಿಚಾರಿಸುವುದಕ್ಕೆಂದು ನೇಮಕವಾಗಿ, ಕ್ರಮೇಣ ರೋಗಿಯ ಮನೆಯವರ ಆಪ್ತರೇ ಆಗಿಬಿಟ್ಟ ‘ಆಲ್ಮನರ್’ ಎಂಬ ಮಹಿಳೆಯರ ವೃತ್ತಾಂತ ಇಲ್ಲಿಯೇ ಬರಬೇಕಾಗಿದ್ದಿತು. ಅವರಲ್ಲಿ ಮೊದಲನೆಯವರು 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ಬಂದ ಮೇರಿ ಸ್ಟೂಅರ್ಟ್. ನಮ್ಮ ಪುಟ ತುಂಬಿದುದರಿಂದ ಅದನ್ನು ಬರುವ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.